ಎಲ್ಲಿಗಾದರೂ ಸರಿ

ಏಳನೆಯ ಕಂತು

"ಈ ಸಲ ಮಗುವನ್ನೂ ಕರ್ಕೊಂಡು ಹೊರಟಿದಾನೆ," ಎಂದಳು ಟೈಲರಮ್ಮ. ಹೇಳುವಾಗಲೂ ಅವಳ ಕಾಲು ಹೊಲಿಗೆ ಯಂತ್ರವನ್ನು ತುಳಿಯುತ್ತಲೇ ಇತ್ತು.

ಜಿಗಣೆ ಮೇಡಂ ಬಟ್ಟೆಯ ರಾಶಿಯ ನಡುವೆ ಒಂದು ಸ್ಟೂಲು ಹುಡುಕಿಕೊಂಡು ಕೂತಿದ್ದಳು. ಜಿಗಣೆ ಎಂಬುದು ಅವಳಪ್ಪ ಇಟ್ಟ ಹೆಸರಲ್ಲ. ದೊಡ್ಡ ಹೋಟೆಲೊಂದರಲ್ಲಿ ಕಳ್ಳತನದ ದೂರುಗಳನ್ನು ವಿಚಾರಿಸುವ ಕೆಲಸದಲ್ಲಿ ಅರ್ಧ ಆಯುಷ್ಯ ಕಳೆದಿದ್ದಳು; ಹಿಡಿದರೆ ಬಿಡುವುದಿಲ್ಲವೆಂದು ಅಲ್ಲಿಯವರು ಕಟ್ಟಿದ ಹೆಸರು ಅದು. ಆ ನೌಕರಿ ಬಿಟ್ಟು ಸ್ವಂತ ಪತ್ತೇದಾರಿಕೆಗೆ ಇಳಿದ ಮೇಲೂ ಹೆಸರು ಅವಳನ್ನು ಬಿಡಲಿಲ್ಲ.

"ಯಾರು ಹೇಳಿದ್ದು?"

"ಪುಟ್ಟೀನೇ. ಬೆಳಿಗ್ಗೆ ಫೋನ್ ಮಾಡಿತ್ತು. ದೊಡ್ಡಮ್ಮ, ನಾನೂ ಅಪ್ಪಾನೂ ವಿಮಾನದಲ್ಲಿ ಹೋಗ್ತೀವಿ ಅಂತು. ಎಲ್ಲಿಗೆ ಕಂದ ಅಂದ್ರೆ, ಎಲ್ಲಿಗಾದರೂ ಅಂತು." ಟೈಲರಮ್ಮ ಕಾಲು ನಿಲ್ಲಿಸಿದಳು. "ಹೋದ ಸಲ ನನ್ನ ತಂಗೀನೂ ಇದೇ ಮಾತು ಹೇಳಿ ಹೋಗಿದ್ಲು."

ಆ ತಂಗಿಯದೇ ಈ ಕೇಸು. ಕನ್ನಡಕದ ಅಂಗಡಿಯ ಗಂಡನ ಜೊತೆ ದೂರದ, ಚಳಿಗಾಳಿಯ ಒಂದು ಬಂದರಿನ ಊರಿಗೆ ರಜೆಗೆ ಹೋದವಳು ವಾಪಸ್ಸು ಬರಲಿಲ್ಲ. ದಡದಲ್ಲಿ ಚಪ್ಪಲಿ ಸಿಕ್ಕಿತು, ಹೆಣ ಸಿಗಲಿಲ್ಲ, ಸಮುದ್ರದ ಪಾಲಾದಳೆಂದು ಪೊಲೀಸರು ಕೈತೊಳೆದುಕೊಂಡರು. ಗಂಡ ಒಬ್ಬನೇ ಬಂದ.

"ಸಿಕ್ಕ ಊರಿಗೆ ಹೋದ್ವಿ, ನಾವು ಆರಿಸಿದ್ದಲ್ಲ ಅಂತಾನೆ," ಎಂದಳು ಟೈಲರಮ್ಮ. "ಎರಡು ಊರು ಬೇಡ ಅಂದು ಮೂರನೇದಕ್ಕೆ ಹೂಂ ಅಂದವನು, ಆರಿಸಲಿಲ್ಲ ಅಂದ್ರೆ ಯಾರು ನಂಬ್ತಾರೆ ಮೇಡಂ?"

ಜಿಗಣೆ ತಲೆಯಾಡಿಸಿದಳು. ಆ ಸಂಗತಿ ಅವಳಿಗೂ ಗೊತ್ತಿತ್ತು. ಟಿಕೆಟ್ ಅಂಗಡಿಯ ಕೌಂಟರಿನಾಕೆ ಮೊನ್ನೆ ತಾನೇ ಬಾಯಿಬಿಟ್ಟಿದ್ದಳು.

ಅಷ್ಟರಲ್ಲಿ ಯಂತ್ರದ ಪಕ್ಕದ ಫೋನು ಬಡಿದುಕೊಂಡಿತು. ಟೈಲರಮ್ಮ ಮೊದಲ ರಿಂಗಿಗೇ ಎತ್ತಿದಳು. ಗಿರಾಕಿ ಕೈತಪ್ಪೀತೆಂಬ ಭಯಕ್ಕೆ ಅವಳು ಎರಡನೇ ರಿಂಗು ಕೇಳಿದವಳೇ ಅಲ್ಲ. ಮಾತಾಡುತ್ತಲೇ ಕಾಲು ಮತ್ತೆ ಶುರುವಾಯಿತು, ಅತ್ತ ಕಡೆಯ ಗಿರಾಕಿ ಸದ್ದಿಗೆ ಸಿಡುಕಿದ್ದು ಸ್ಟೂಲಿನ ತನಕ ಕೇಳಿಸಿತು.

ಸೂಜಿಯ ಕೆಳಗೆ ಒಂದು ಪುಟ್ಟ ಕೋಟು ಸರಿಯುತ್ತಿತ್ತು. ನೀಲಿ ಬಟ್ಟೆ, ಒಳಗೆ ದಪ್ಪ ಉಣ್ಣೆಯ ಪದರ. ತಲೆಯ ಮೇಲೆ ಫ್ಯಾನು ಗಿರಗಿರ ತಿರುಗುತ್ತಿದ್ದರೂ ಜಿಗಣೆಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು.

"ಪುಟ್ಟಿಗಾ?" ಫೋನು ಇಟ್ಟ ಮೇಲೆ ಕೇಳಿದಳು.

"ಅಮ್ಮ ಇಲ್ಲದ ಮಗು. ನನ್ನ ಕೈಲಾದದ್ದು." ಟೈಲರಮ್ಮ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿದಳು. "ನನಗೆ ನ್ಯಾಯ ಆಮೇಲೆ ಸಿಕ್ಕರೂ ಸರಿ. ಸಂಜೆ ವಿಮಾನ ಹತ್ತೋ ಮೊದಲು ಆ ಮಗುವನ್ನ ಅವನ ಕೈಯಿಂದ ಬಿಡಿಸಿ ನನಗೆ ತಂದುಕೊಡಿ. ಇಬ್ಬರು ಹೋಗಿ ಒಬ್ಬನೇ ಬರೋದು ಇನ್ನೊಂದು ಸಲ ಆಗಬಾರದು."

ಆ ಮಾತು ಜಿಗಣೆಯ ಎದೆಗೆ ನಾಟಿತು. "ಮೊದಲು ಮಗು, ಆಮೇಲೆ ಬಾಕಿಯದು," ಎಂದು ಎದ್ದು ಚಪ್ಪಲಿ ಮೆಟ್ಟಿದಳು.

*

ಕಾರು ಓಡಿಸುವವನು ಮೈದುನ. ಜಿಗಣೆಯ ಗಂಡನ ತಮ್ಮ, ನಲವತ್ತು ದಾಟಿದ ಬ್ರಹ್ಮಚಾರಿ, ಬಾಯಿಗೆ ಬೀಗವಿಲ್ಲದ ಜೀವ.

"ಅತ್ತಿಗೆ, ಈ ಎಲ್ಲಿಗಾದರೂ ಟಿಕೆಟ್ಟಿನ ವಿಷಯ ನನ್ನ ಕೇಳಿ. ಒಂದ್ಸಲ ಹೋಗಿ ಬಂದೋನು ನಾನು."

"ಗೊತ್ತಪ್ಪ. ಎರಡು ಸ್ವೆಟರ್ ಹೊತ್ಕೊಂಡು ಮರಳುಗಾಡಿಗೆ ಹೋಗಿದ್ದೆ."

"ಅದೇ ಅಲ್ವಾ ಮಜಾ. ಹೊರಡೋ ಹೊತ್ತಿಗೆ ವಿಮಾನದಲ್ಲಿ ಖಾಲಿ ಉಳಿದ ಸೀಟು, ಹೋಟೆಲಲ್ಲಿ ಖಾಲಿ ಬಿದ್ದಿರೋ ರೂಮು, ಎರಡನ್ನೂ ಗಂಟು ಹಾಕಿ ಅಗ್ಗಕ್ಕೆ ತಳ್ತಾರೆ. ನಾವು ದಿನ ಹೇಳಬಹುದು, ಊರು ಹೇಳಂಗಿಲ್ಲ. ಇಂಥಾ ಊರೇ ಬೇಕು ಅಂದ್ರೋ, ಅಗ್ಗದ ಕಥೆ ಅಲ್ಲಿಗೆ ಮುಗೀತು. ಅವರೇ ಫೋನ್ ಮಾಡಿ ಒಂದು ಊರು ಹೇಳ್ತಾರೆ. ಬೇಡ ಅಂದ್ರೆ ಇನ್ನೊಂದು. ಹೊತ್ತು ಹತ್ರ ಬಂದಷ್ಟೂ ರೇಟು ಇಳೀತದೆ. ಗಟ್ಟಿ ಗುಂಡಿಗೆ ಇರೋರು ಕೊನೇ ತನಕ ಬೇಡ ಬೇಡ ಅಂತಾನೇ ಕೂತಿರ್ತಾರೆ."

"ಇಳಿಯೋ ಬದಲು ಏರಿದ್ರೆ?"

"ಏರಿದ ಟಿಕೆಟ್ಟಿಗೆ ಯಾವ ಪೆದ್ದ ಹೂಂ ಅಂತಾನೆ?"

"ಪೆದ್ದ ಅನ್ನಲ್ಲ," ಎಂದಳು ಜಿಗಣೆ. "ಆ ಊರೇ ಬೇಕಾದವನು ಅಂತಾನೆ."

ಇದೇ ಅವಳು ಮೊನ್ನೆಯಿಂದ ಬಾಯಲ್ಲಿಟ್ಟುಕೊಂಡು ಚಪ್ಪರಿಸುತ್ತಿದ್ದ ಸುಳಿವು. ಮೊದಲು ಹೇಳಿದ್ದು ಬೆಟ್ಟದ ಊರು, ಅಗ್ಗ. ಆಮೇಲೆ ಕೆರೆಯ ಊರು, ಇನ್ನೂ ಅಗ್ಗ. ಎರಡಕ್ಕೂ ಬೇಡ ಎಂದು, ಅವೆರಡಕ್ಕಿಂತ ದುಬಾರಿಯಾದ ಬಂದರಿಗೆ ಹೂಂ ಎಂದಿದ್ದರು. ಕನ್ನಡಕದವನೋ, ಎಂಜಲು ಕೈಯಲ್ಲಿ ಕಾಗೆ ಓಡಿಸದ ಪೈಕಿ. ಕನ್ನಡಕದ ಜೊತೆ ಕೊಡುವ ಒರೆಸುವ ಬಟ್ಟೆಯನ್ನೂ ಅರ್ಧಕ್ಕೆ ಕತ್ತರಿಸಿ ಕೊಡುತ್ತಾನೆಂದು ಬೀದಿಯೆಲ್ಲ ಆಡಿಕೊಳ್ಳುತ್ತಿತ್ತು. ಅಂಥವನು ಅಗ್ಗ ಬಿಟ್ಟು ದುಬಾರಿ ಹಿಡಿದನೆಂದರೆ ಸುಮ್ಮನೆಯೇ?

"ಅದಿರಲಿ ಅತ್ತಿಗೆ, ಆ ಟೈಲರಮ್ಮನಿಗೆ ನನ್ನ ಪ್ಯಾಂಟಿನ ವಿಷಯ ನೆನಪಿಸಿದ್ರಾ? ತಂಗಿ ಕಾಣೆಯಾದ ಸುದ್ದಿ ಬಂತಲ್ಲ, ಅದರ ಹಿಂದಿನ ದಿನ ತಗೊಂಡು ಹೋಗಿದ್ದೆ. ಅಂಗಡಿ ಬಾಗಿಲು ಹಾಕಿತ್ತು. ಇವತ್ತಿಗೂ ಉದ್ದ ಹಂಗೇ ಇದೆ, ಮಡಚಿಕೊಂಡು ಓಡಾಡ್ತಿದೀನಿ."

"ಒಂದು ಮಗುವಿನ ಜೀವದ ಪ್ರಶ್ನೆ ಬಂದಾಗ ನಿನಗೆ ಪ್ಯಾಂಟಿನ ಚಿಂತೆ. ಸುಮ್ಮನೆ ಓಡಿಸು."

ಮೈದುನ ಮುಖ ಸಣ್ಣದು ಮಾಡಿಕೊಂಡು ಓಡಿಸಿದ.

*

ಟಿಕೆಟ್ ಅಂಗಡಿ ಕೀಲಿಕೈ ಮಾಡುವವನ ಗೂಡಿಗೂ ಇಸ್ತ್ರಿ ಅಂಗಡಿಗೂ ನಡುವೆ ಇರುಕಿಕೊಂಡಿತ್ತು. ಗೋಡೆಯ ಬಿಳಿ ಹಲಗೆಯ ಮೇಲೆ ಆವತ್ತಿನ ಉಳಿಕೆ ಸೀಟುಗಳು: ಬೆಟ್ಟ, ನಾಳೆ ಬೆಳಿಗ್ಗೆ. ಬಂದರು, ಇಂದು ಸಂಜೆ. ಕೆರೆ, ನಾಳೆ ಮಧ್ಯಾಹ್ನ. ಊರಿನ ಹೆಸರು ಬರೆಯುವಂತಿಲ್ಲ. ದೊಡ್ಡ ಹೋಟೆಲುಗಳಿಗೆ ಅಗ್ಗಕ್ಕೆ ಮಾರಿಕೊಂಡದ್ದು ಊರಿಗೆಲ್ಲ ತಿಳಿದರೆ ಮರ್ಯಾದೆಗೆ ಕುಂದಂತೆ.

ಕೌಂಟರಿನಾಕೆ ಎರಡು ಫೋನುಗಳ ನಡುವೆ ಒದ್ದಾಡುತ್ತಿದ್ದಳು. ಕಂಡವಳೇ ಕಣ್ಣಿನಲ್ಲೇ ಬೆಂಚಿನ ಕಡೆ ತೋರಿಸಿದಳು.

ಬೆಂಚಿನ ಮೇಲೆ ಕನ್ನಡಕದವನು. ಪಕ್ಕದಲ್ಲಿ ಪುಟ್ಟಿ, ಕಾಲು ನೆಲಕ್ಕೆ ಎಟುಕದೆ ತೂಗಾಡಿಸುತ್ತ ಕೂತಿತ್ತು. ಇಬ್ಬರಿಗೂ ಸೇರಿ ಒಂದೇ ಚೀಲ.

"ಎಲ್ಲಿಗೆ ಪ್ರಯಾಣ?" ಜಿಗಣೆ ಕೇಳಿದಳು.

ಅವನು ಬೆಚ್ಚಿ ತಲೆಯೆತ್ತಿದ. "ನೀವಾ. ಇನ್ನೂ ಗೊತ್ತಿಲ್ಲ. ಎಲ್ಲಿಗಾದರೂ ಸರಿ."

"ಹೋದ ಸಲವೂ ಹಾಗೇ ಅಂದಿದ್ರಿ."

"ಮನೇಲಿ ಕೂರೋಕೆ ಆಗ್ತಿಲ್ಲ ಮೇಡಂ. ಬಾಗಿಲು ಸದ್ದಾದಾಗಲೆಲ್ಲ ಇವಳು ಅಮ್ಮ ಬಂದಳು ಅಂತ ಓಡ್ತಾಳೆ. ಒಂದು ನಾಲ್ಕು ದಿನ ಬೇರೆ ಬಾಗಿಲು ಇರೋ ಕಡೆ ಇದ್ದು ಬರೋಣ ಅಂತ."

ಮಾತು ಕೇಳಿದರೆ ಕರುಳು ಚುರ್ ಎನ್ನಬೇಕು. ಜಿಗಣೆಗೆ ಎನ್ನಲಿಲ್ಲ. ಹೋಟೆಲಿನಲ್ಲಿ ಬೆಳ್ಳಿ ಚಮಚ ಕದ್ದವರೆಲ್ಲ ಇದಕ್ಕಿಂತ ಚೆನ್ನಾಗಿ ಅತ್ತದ್ದನ್ನು ಕಂಡವಳು ಅವಳು. ಮೈದುನನಿಗೆ ಸನ್ನೆ ಮಾಡಿದಳು. ಅವನು ಪುಟ್ಟಿಯನ್ನು ಹಲಗೆಯ ಹತ್ತಿರ ಕರೆದೊಯ್ದು ಅಕ್ಷರ ಓದಿಸತೊಡಗಿದ.

"ಬೆಟ್ಟದ ಊರು ಯಾಕೆ ಬೇಡ ಅಂದ್ರಿ?"

"ಯಾವ ಬೆಟ್ಟ?"

"ಹೋದ ಸಲ. ಮೊದಲು ಬೆಟ್ಟ ಹೇಳಿದ್ರು, ಆಮೇಲೆ ಕೆರೆ. ಎರಡೂ ಬೇಡ ಅಂದ್ರಿ. ಬಂದರು ಅಂದ ಕೂಡಲೇ ಹೂಂ ಅಂದ್ರಿ."

"ನನಗೆ ಹೇಳಿದ್ದೇ ಒಂದು ಊರು. ಬಂದರು ಸಿಕ್ತು, ಸಂಜೆ ಹೊರಡಬೇಕು ಅಂತ ಹೆಂಡತಿ ಹೇಳಿದ್ಲು. ಅಷ್ಟೇ ನನಗೆ ಗೊತ್ತಿರೋದು."

"ಬಾಯಿ ಬಿಡೋಕೆ ಅವಳಿಲ್ಲ ಅಂತ ಅವಳ ತಲೆಗೆ ಕಟ್ತೀರಾ?"

"ಕಟ್ತಿಲ್ಲ. ಇದ್ದದ್ದು ಇದ್ದ ಹಾಗೆ ಹೇಳ್ತಿದೀನಿ."

ಜಿಗಣೆ ಅವನ ಹತ್ತಿರಕ್ಕೆ ಬಾಗಿದಳು. "ಬೆಟ್ಟ ಬಂದರಿನ ಅರ್ಧ ರೇಟಿಗೆ ಇತ್ತು. ಕೆರೆ ಅದಕ್ಕಿಂತಲೂ ಕಡಿಮೆ."

ಕನ್ನಡಕದವನ ಮುಖ ಕಿವುಚಿಕೊಂಡಿತು. "ಅರ್ಧಕ್ಕೆ?" ಎಂದ. "ರೂಮೂ ಸೇರಿ ಅರ್ಧಕ್ಕಾ?"

ಹೆಂಡತಿ ಸತ್ತ ಸುದ್ದಿಗೂ ಈ ಮನುಷ್ಯ ಇಷ್ಟು ನೊಂದಿರಲಾರ ಎನಿಸಿತು ಜಿಗಣೆಗೆ. ಎಂಥ ನಟನೆ ಎಂದುಕೊಂಡಳು. ಅಸಹ್ಯವೇ ಆಯಿತು.

ಹಿಂದೆ ಕೌಂಟರಿನಾಕೆ ಫೋನಿನಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದಳು. "ಮೇಡಂ, ಆ ಸದ್ದು ಸ್ವಲ್ಪ ನಿಲ್ಲಿಸ್ತೀರಾ? ಒಂದಕ್ಷರ ಕೇಳಿಸ್ತಿಲ್ಲ... ಹಾಂ, ಈಗ ಹೇಳಿ. ಬಂದರಾ? ಇದೆ ಇದೆ. ವಾಪಸ್ಸು?"

"ಚೀಲ ತೆಗೀರಿ," ಎಂದಳು ಜಿಗಣೆ, ಆ ಕಡೆ ಗಮನ ಕೊಡದೆ.

ಅವನು ತಕರಾರು ಮಾಡಲಿಲ್ಲ. ಮಗುವಿನ ಎರಡು ಫ್ರಾಕು, ಅವನ ಅಂಗಿ, ಟೂತ್‌ಪೇಸ್ಟು. ಎಲ್ಲದರ ಅಡಿಯಲ್ಲಿ ಒಂದು ಕರವಸ್ತ್ರದ ಗಂಟು. ಬಿಚ್ಚಿದರೆ ಹೆಂಗಸಿನ ಕನ್ನಡಕ, ಬಾಟಲಿಯ ತಳದಂಥ ದಪ್ಪ ಗಾಜು.

"ನಿಮ್ಮ ಹೆಂಡತಿಯದು."

"ಹೌದು. ನಾನೇ ಗಾಜು ಕೂರಿಸಿದ್ದು."

"ಇದು ನಿಮ್ಮ ಹತ್ತಿರ ಹೇಗೆ? ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಹೇಳಿದೆ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ." ಅವನು ಕನ್ನಡಕವನ್ನು ಕೈಗೆ ತೆಗೆದುಕೊಂಡು ಅಭ್ಯಾಸಬಲದಿಂದ ಅಂಗಿಯ ಅಂಚಿನಲ್ಲಿ ಒರೆಸತೊಡಗಿದ. "ಬೆಳಿಗ್ಗೆ ಎದ್ದಾಗ ಅವಳಿರಲಿಲ್ಲ, ಇದು ದಿಂಬಿನ ಪಕ್ಕ ಇತ್ತು. ಇದಿಲ್ಲದೆ ಅವಳಿಗೆ ಬಾಗಿಲು ಎಲ್ಲಿದೆ ಅಂತ ಕಾಣಲ್ಲ ಮೇಡಂ. ದಡದ ತನಕ ಒಬ್ಬಳೇ ಹೋಗೋ ಮಾತೇ ಇಲ್ಲ. ಯಾರೋ ಕೈಹಿಡಿದು ಕರ್ಕೊಂಡು ಹೋಗಿದಾರೆ."

"ಯಾರೋ ಅಲ್ಲ. ಕೈಹಿಡಿದವರು ನೀವೇ."

ಅವನು ಒರೆಸುವುದನ್ನು ನಿಲ್ಲಿಸಿದ. ಕಣ್ಣು ತುಂಬಿಕೊಂಡಿತ್ತು. "ಹಾಗೆ ಅನಿಸಿದ್ರೆ ಹಿಡಿದುಕೊಡಿ ನನ್ನ. ಬೇಡ ಅನ್ನಲ್ಲ. ಯಾರಾದರೂ ಹುಡುಕೋಕೆ ಶುರುವಾದರೂ ಮಾಡ್ತಾರೆ."

"ಹಿಡಿದುಕೊಡ್ತೀನಿ. ಅದಕ್ಕೆ ಮೊದಲು ಮಗು. ಅದನ್ನ ಅದರ ದೊಡ್ಡಮ್ಮನ ಹತ್ತಿರ ಬಿಡ್ತೀರೋ, ಇಲ್ಲಿಗೇ ಪೊಲೀಸರನ್ನ ಕರೆಸಲೋ? ಮಗು ಕಣ್ಣೆದುರಿಗೇ ನಿಮ್ಮನ್ನ ಎಳಕೊಂಡು ಹೋಗ್ತಾರೆ. ಯೋಚನೆ ಮಾಡಿ."

ಕನ್ನಡಕದವನು ಹಲಗೆಯ ಕಡೆ ನೋಡಿದ. ಪುಟ್ಟಿ ತುದಿಗಾಲಲ್ಲಿ ನಿಂತು ‘ಬಂ...ದ...ರು’ ಎಂದು ಓದಿ ಮೈದುನನಿಂದ ಶಹಭಾಸ್ ಗಿಟ್ಟಿಸುತ್ತಿತ್ತು.

"ಅವಳಿಗೆ ಮಧ್ಯಾಹ್ನ ಊಟ ಆಗಿಲ್ಲ," ಎಂದ ಕೊನೆಗೆ. "ದೊಡ್ಡಮ್ಮನಿಗೆ ಹೇಳಿ."

ಪುಟ್ಟಿ ರಚ್ಚೆ ಹಿಡಿಯಲಿಲ್ಲ. ದೊಡ್ಡಮ್ಮ ಹೊಸ ಕೋಟು ಹೊಲಿದಿದ್ದಾಳೆ ಎಂದದ್ದೇ ತಡ, ಅಪ್ಪನ ಕೆನ್ನೆಗೊಂದು ಮುತ್ತು ಒತ್ತಿ ಮೈದುನನ ಬೆರಳು ಹಿಡಿದು ಹೊರಟಿತು. ಕಾರು ತಿರುವು ದಾಟುವ ತನಕ ಹಿಂದಿನ ಗಾಜಿನಿಂದ ಕೈಬೀಸಿತು.

ಜಿಗಣೆಗೆ ಎದೆಯ ಭಾರ ಇಳಿದಂತಾಯಿತು. ಮೊದಲು ಮಗು, ಆಮೇಲೆ ಬಾಕಿಯದು ಎಂದು ಅವಳು ಕೊಟ್ಟ ಮಾತು ನಡೆಸಿದ್ದಳು. ಇನ್ನು ಇವನನ್ನು ಒಂದೊಂದೇ ಎಳೆಯಾಗಿ ಬಿಚ್ಚಿದರಾಯಿತು. ಕೇಸು ಇನ್ನೇನು ಕೈಗೆ ಬಂದಂತೆಯೇ.

*

"ಸೀಟು ಬೇಡ ಅಂದ್ರೆ ಮುಂಗಡ ವಾಪಸ್ಸು ಕೊಡ್ತೀರಲ್ಲ?" ಕನ್ನಡಕದವನು ಕೌಂಟರಿಗೆ ಬಂದು ಕೇಳಿದ. ಇಂಥ ಹೊತ್ತಿನಲ್ಲೂ ಅವನಿಗೆ ಅದರ ನೆನಪಿತ್ತು.

"ಕೊಡ್ತೀವಿ ಸರ್. ನಾಳೆ ಫೋನ್ ಮಾಡಿ ಹೇಳ್ತೀನಿ. ಹೋದ ಸಲ ನಿಮ್ಮ ಮನೆಯವರು ಕೊಟ್ಟಿದ್ದ ನಂಬರೇ ಇರಲಾ?" ಕೌಂಟರಿನಾಕೆ ಕಂಪ್ಯೂಟರ್ ನೋಡಿ ಸಂಖ್ಯೆ ಓದಿದಳು.

"ಇದು ನನ್ನ ನಂಬರಲ್ಲ."

"ಮೇಡಂ ನಂಬರಿರಬೇಕು."

"ಅವಳದೂ ಅಲ್ಲ. ಇದು ಅವಳಕ್ಕನ ಅಂಗಡಿ ನಂಬರು. ಟೈಲರ್ ಅಂಗಡೀದು."

ಜಿಗಣೆ ಚೀಲದ ಜಿಪ್ಪು ಎಳೆಯುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದಳು.

"ಅದನ್ನ ಯಾಕೆ ಕೊಟ್ಟಿದ್ದು?"

"ನಾವೇ ಹೇಳ್ತೀವಿ ಮೇಡಂ," ಎಂದಳು ಕೌಂಟರಿನಾಕೆ. "ಉಳಿಕೆ ಸೀಟು ಕಾಯಲ್ಲ. ಒಂದೇ ಸಲ ಫೋನ್ ಮಾಡೋದು. ಎತ್ತದಿದ್ರೆ ಸೀಟು ಮುಂದಿನವರಿಗೆ. ಅದಕ್ಕೇ, ತಪ್ಪದೆ ಎತ್ತೋ ನಂಬರ್ ಕೊಡಿ ಅಂತೀವಿ. ಇವರ ಮನೆಯವರು, ನಮ್ಮೋರು ಗಿರಾಕಿ ಕಣ್ಣು ನೋಡೋವಾಗ ಫೋನ್ ಮುಟ್ಟಲ್ಲ, ನನ್ನದು ಚಾರ್ಜೇ ಇರಲ್ಲ ಅಂತ ನಗ್ತಾ ಇದನ್ನ ಕೊಟ್ಟಿದ್ರು."

"ಹಾಗಾದ್ರೆ ಬೆಟ್ಟ ಬೇಡ, ಕೆರೆ ಬೇಡ ಅಂದದ್ದು?"

"ಫೋನ್ ಎತ್ತಿದವರು. ನಾನು ಮನೆಯವರೇ, ಅವರಿಗೆ ತಿಳಿಸ್ತೀನಿ ಅಂದ್ರು. ಹೆಂಗಸಿನ ಧ್ವನಿ."

"ಮೊನ್ನೆ ಇದನ್ನ ಯಾಕೆ ಹೇಳಲಿಲ್ಲ?"

"ಯಾವ ಊರು, ಎಷ್ಟಕ್ಕೆ ಅಂತ ಕೇಳಿದ್ರಿ. ಯಾರು ಮಾತಾಡಿದ್ರು ಅಂತ ಕೇಳಲೇ ಇಲ್ಲವಲ್ಲ ನೀವು."

ಕೇಳಿರಲಿಲ್ಲ. ಬೇಡ ಎಂದವನು ಗಂಡನೇ ಎಂದು ಆ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ತೀರ್ಮಾನ ಮಾಡಿಕೊಂಡು ಬಂದವಳು ಇನ್ನೇನು ಕೇಳುತ್ತಾಳೆ?

ಎರಡು ಊರು ಬೇಡ ಅಂದು ಮೂರನೇದಕ್ಕೆ ಹೂಂ ಅಂದವನು. ಇವತ್ತು ಈ ಬೆಂಚಿನ ಮುಂದೆ ಆಡುವ ತನಕ ಈ ಸಂಗತಿಯನ್ನು ಜಿಗಣೆ ಯಾರಿಗೂ ಹೇಳಿರಲಿಲ್ಲ. ಗಂಡನಿಗೆ ಗೊತ್ತಿರಲಿಲ್ಲ. ಹೇಳಿದ ಕೌಂಟರಿನಾಕೆ ಮತ್ತು ಕೇಳಿಸಿಕೊಂಡ ಧ್ವನಿ, ಇಬ್ಬರನ್ನು ಬಿಟ್ಟರೆ ಇನ್ನೊಬ್ಬರಿಗೆ ಅದು ಗೊತ್ತಾಗುವ ದಾರಿಯೇ ಇರಲಿಲ್ಲ. ಟೈಲರಮ್ಮ ಮಾತ್ರ ಅದನ್ನು ಅವಳ ಮುಖಕ್ಕೆ ಹೇಳಿದ್ದಳು, ಅವಳು ತಲೆಯಾಡಿಸಿ ಬಂದಿದ್ದಳು.

ಸುದ್ದಿ ಬರುವ ಹಿಂದಿನ ದಿನ ಬಾಗಿಲು ಹಾಕಿದ್ದ ಅಂಗಡಿ. ಕನ್ನಡಕವಿಲ್ಲದವಳ ಕೈಹಿಡಿದು ನಡೆಸಿದ ಯಾರೋ. ಅರ್ಧಕ್ಕಾ ಎಂದು ಕಿವುಚಿಕೊಂಡ ಆ ಮುಖ. ಜಿಪುಣನ ಆ ಸಂಕಟವನ್ನು ಯಾವ ನಟನೂ ತರಲಾರ ಎಂದು ಈಗ ಹೊಳೆಯಿತು. ಬೆವರು ಕಿತ್ತುಬರುವ ಸೆಕೆಯಲ್ಲಿ ಉಣ್ಣೆಯ ಒಳಪದರದ ಕೋಟು ಯಾವ ಊರಿನ ಗಾಳಿಗೆ?

ಮೈದುನನಿಗೆ ಫೋನ್ ಮಾಡಿದಳು.

"ಬಿಟ್ಟಾಯ್ತು ಅತ್ತಿಗೆ," ಅವನ ಧ್ವನಿಯಲ್ಲಿ ಖುಷಿ. "ಕೋಟು ಹಾಕ್ಕೊಂಡು ಕುಣಿದದ್ದೇ ಕುಣಿದದ್ದು. ಪ್ಯಾಂಟಿನ ವಿಷಯ ಕೇಳಿದೆ, ಇನ್ನು ಸ್ವಲ್ಪ ದಿನ ಅಂಗಡಿ ಇರಲ್ಲ ಅಂದ್ರು. ಆಟೋ ಬಂದು ನಿಂತಿತ್ತು."

"ಈಗ ಎಲ್ಲಿದಾರೆ?"

"ಹೋದ್ರಲ್ಲ. ಮಗು ಅತ್ತೀತು ಅಂತ ಸ್ವಲ್ಪ ಸುತ್ತಾಡಿಸಿ ಬರ್ತಾರಂತೆ. ಯಾಕೆ ಅತ್ತಿಗೆ?"

"ವಿಮಾನ ನಿಲ್ದಾಣಕ್ಕೆ ಓಡಿಸು," ಎಂದಷ್ಟೇ ಹೇಳಿ ಫೋನಿಟ್ಟಳು.

"ನನ್ನ ಮಗು ಎಲ್ಲಿ?" ಕನ್ನಡಕದವನು ಕೇಳಿದ. ಕೂಗಲಿಲ್ಲ. ಹೆಂಡತಿಯ ಕನ್ನಡಕ ಇನ್ನೂ ಅವನ ಕೈಯಲ್ಲೇ ಇತ್ತು. "ನೀವು ಹೇಳಿದ್ದಕ್ಕೆ ಕಳಿಸಿದೆ ನಾನು. ಎಲ್ಲಿ ನನ್ನ ಮಗು?"

ಅವಳಿಗೆ ಅವನ ಮುಖ ನೋಡಲಾಗಲಿಲ್ಲ. ಇಷ್ಟು ವರ್ಷ ಎಲ್ಲರನ್ನೂ ಅನುಮಾನಿಸಿದವಳು, ಅನುಮಾನಿಸಬೇಕಾದ ಒಬ್ಬಳ ಕೈಗೆ ಮಗುವನ್ನು ತಾನೇ ಒಪ್ಪಿಸಿದ್ದಳು.

ಕೌಂಟರಿನಾಕೆ ಎದ್ದು ಹೋಗಿ ಹಲಗೆಯ ಮೇಲಿನ ಒಂದು ಸಾಲು ಒರೆಸುತ್ತಿದ್ದಳು. ಬಂದರು, ಇಂದು ಸಂಜೆ.

"ಯಾಕೆ ಒರೆಸ್ತಿದೀರಿ?"

"ಹೋಯ್ತು ಮೇಡಂ. ನೀವು ಈ ಸರ್ ಹತ್ರ ಮಾತಾಡ್ತಿದ್ದಾಗ ಫೋನ್ ಬಂತಲ್ಲ, ಅವರೇ ತಗೊಂಡ್ರು." ಅವಳ ಕೈ ಹಲಗೆಯ ಮೇಲೆ ತಡೆಯಿತು. "ಹಿಂದೆ ಏನೋ ಯಂತ್ರ ಓಡ್ತಿತ್ತು. ಈಗ ನೆನಪಾಗ್ತಿದೆ, ಹೋದ ಸಲ ಬೆಟ್ಟ ಬೇಡ ಅಂದಾಗಲೂ ಇದೇ ಸದ್ದು."

"ಎಷ್ಟು ಸೀಟು?"

"ಒಬ್ಬರು ದೊಡ್ಡವರು, ಒಂದು ಮಗು."

ಕನ್ನಡಕದವನು ಬಾಗಿಲ ಕಡೆ ಓಡಿದ. ಅವನ ಹಿಂದೆಯೇ ಹೆಜ್ಜೆ ಇಟ್ಟ ಜಿಗಣೆ ಹೊಸ್ತಿಲಲ್ಲಿ ತಿರುಗಿ ನಿಂತಳು. ಕೇಳಬಾರದೆನಿಸಿದರೂ ಕೇಳಿದಳು.

"ವಾಪಸ್ಸು?"

ಕೌಂಟರಿನಾಕೆಯ ಮುಖ ಬಿಳಿಚಿಕೊಂಡಿತು.

"ಒಂದೇ ಸಾಕು ಅಂದ್ರು."